ಹದಿನೆಂಟನೆಯ ಪಾಲು

ಬಿಸು ಹಬ್ಬದ ದಿನ ಸಂಜೆ ಹಲಸಿನ ಮರದಿಂದ ಇಳಿಯುವಾಗ ಕುಶಾಲಪ್ಪ ಕೊನೆಯ ಎರಡು ಮೊಳವನ್ನು ಇಳಿಯಲಿಲ್ಲ, ಬಿದ್ದ. ದೊಡ್ಡದಾಗಿ ಬಿದ್ದದ್ದೇನೂ ಅಲ್ಲ. ಆದರೆ ಬೆಳಗಾಗುವಾಗ ಎಡಮಂಡಿ ಚೀನಿಕಾಯಿಯ ಹಾಗೆ ಊದಿಕೊಂಡಿತ್ತು. ಆ ಮಂಡಿಯೊಂದು ನೆಟ್ಟಗಿದ್ದಿದ್ದರೆ ಆ ವರ್ಷ ಊರಿನಲ್ಲಿ ಹೆಂಗಸರ ಹಕ್ಕಿನ ಸುದ್ದಿಯೇ ಏಳುತ್ತಿರಲಿಲ್ಲ. ಎದ್ದಿದ್ದರೂ ಕುಶಾಲಪ್ಪನ ತಲೆಯ ಮೇಲೆ ಬೀಳುತ್ತಿರಲಿಲ್ಲ.

ಬಿಸುವಿನ ಮರುದಿನ ಊರಿನ ಬೇಟೆ. ಸುಳ್ಯದಿಂದ ನಾಲ್ಕು ಮೈಲು ಒಳಗಿನ ಆ ಊರಿನಲ್ಲಿ ಅದು ಹಬ್ಬಕ್ಕಿಂತ ದೊಡ್ಡ ದಿನ. ವರ್ಷವಿಡೀ ಮರಗೆಣಸು ಅಗೆದು ತಿಂದ ಹಂದಿಗಳಿಂದ ಸ್ವಲ್ಪವಾದರೂ ವಸೂಲು ಮಾಡಿಕೊಳ್ಳುವ ದಿನ. ಸಿಕ್ಕಿದ್ದನ್ನು ಹಂಚುವುದಕ್ಕೆ ಅಜ್ಜಂದಿರ ಕಾಲದಿಂದ ಒಂದು ಕ್ರಮ ಇತ್ತು. ಬೇಟೆಗೆ ಬಂದ ಪ್ರತಿಯೊಬ್ಬನಿಗೆ ಒಂದು ಪಾಲು. ಪ್ರತಿ ಕೋವಿಗೆ ಒಂದು ಪಾಲು. ಅದು ಕೋವಿಯ ಯಜಮಾನನ ಮನೆಗೆ. ಪ್ರತಿ ನಾಯಿಗೆ ಒಂದು ಪಾಲು. ಅದೂ ಯಜಮಾನನ ಮನೆಗೆ, ಎಲುಬು ಮಾತ್ರ ನಾಯಿಗೆ. ಗುಂಡು ತಾಗಿಸಿದವನಿಗೆ ಹೆಚ್ಚುವರಿಯಾಗಿ ತಲೆ ಮತ್ತು ಒಂದು ಹಿಂಗಾಲು. ಪಾಲು ಹಾಕುವ ಕೆಲಸ ಕುಶಾಲಪ್ಪನದ್ದು. ಅವನ ಅಪ್ಪನದ್ದೂ ಅದೇ ಆಗಿತ್ತು. ಪಾಲು ಹಾಕಿದವನು ಎಲ್ಲರೂ ತೆಗೆದ ಮೇಲೆ ಉಳಿದದ್ದನ್ನು ಎತ್ತಬೇಕು. ತನಗೆಂದು ದೊಡ್ಡ ತುಂಡು ಕಡಿಯಬಾರದಲ್ಲ, ಅದಕ್ಕೆ.

ಕುಶಾಲಪ್ಪ ಈ ಕೆಲಸಕ್ಕೆ ಹೇಳಿ ಮಾಡಿಸಿದ ಜನ. ಯಾರು ಏನು ಹೇಳಿದರೂ ತಲೆಯನ್ನು ಒಂದು ಬದಿಗೆ ವಾಲಿಸಿ ಪೂರ್ತಿ ಕೇಳುತ್ತಿದ್ದ. ಆಮೇಲೆ, "ಅದರಲ್ಲೂ ಒಂದು ಮಾತು ಉಂಟು" ಎನ್ನುತ್ತಿದ್ದ. ಎದುರಿನವನು ಅದಕ್ಕೆ ತದ್ವಿರುದ್ಧ ಹೇಳಿದರೆ ತಲೆಯನ್ನು ಇನ್ನೊಂದು ಬದಿಗೆ ವಾಲಿಸಿ, "ಇದರಲ್ಲೂ ಒಂದು ಮಾತು ಉಂಟು" ಎನ್ನುತ್ತಿದ್ದ. ಇಷ್ಟರಲ್ಲಿ ಜಗಳ ಮಾಡುವವರಿಗೇ ಬೇಸರ ಬಂದು ಮನೆಗೆ ಹೋಗುತ್ತಿದ್ದರು. ಊರಿನವರು ಇದನ್ನು ನ್ಯಾಯ ಎಂದು ಕರೆಯುತ್ತಿದ್ದರು.

ಆ ಬೆಳಿಗ್ಗೆ ಅವನು ಅಂಗಳದಲ್ಲಿ ಕಾಲು ನೀಡಿ ಕತ್ತಿ ಮಸೆಯುತ್ತಿದ್ದಾಗ ಹೆಂಡತಿ ಸೇವಂತಿ ಹೊರಗೆ ಬಂದಳು.

"ರಾಮಕುಂಜದವರು ಮೂರು ಗಂಟೆಯ ಬಸ್ಸಿಗೆ ಇಳೀತಾರೆ. ನಮ್ಮ ಪಂಕಜಾಕ್ಷಿಯ ಸಂಬಂಧ ಗಟ್ಟಿಯಾದ ಮೇಲೆ ಮೊದಲ ಊಟ. ನೆನಪು ಉಂಟಲ್ಲ?"

"ಉಂಟು ಮಾರಾಯ್ತಿ."

"ಹುಡುಗನ ಅಪ್ಪ ಬೇಟೆ ಹಂದಿಯ ಆಸೆಯಲ್ಲೇ ಇವತ್ತಿನ ದಿನ ಇಟ್ಟದ್ದಂತೆ. ಖಾರ ಅರೆದು ಆಯ್ತು. ರೊಟ್ಟಿಗೆ ಹಿಟ್ಟು ಆಯ್ತು. ಖಾಲಿ ಕೈಯಲ್ಲಿ ಬಂದರೆ ನಿಮ್ಮ ಮಂಡಿಯನ್ನೇ ಬೇಯಿಸಿ ಬಡಿಸಬೇಕಷ್ಟೆ. ಹೇಗೂ ಊದಿದೆ, ನಾಲ್ಕು ಜನಕ್ಕೆ ಸಾಕು."

"ಹಂದಿ ಬಿದ್ದರೆ ನನ್ನ ಪಾಲು ಎಲ್ಲಿಗೆ ಹೋಗ್ತದೆ?" ಎಂದ ಕುಶಾಲಪ್ಪ. ಅದು ಪ್ರಶ್ನೆ ಎಂದು ಅವನಿಗೆ ಆಗ ಅನಿಸಿರಲಿಲ್ಲ.

ಒಂದೇ ಒಂದು ತೊಡಕಿತ್ತು. ಕುಶಾಲಪ್ಪನಿಗೆ ಸ್ವಂತ ಕೋವಿ ಇರಲಿಲ್ಲ. ಪ್ರತಿವರ್ಷ ಅವನು ಹೊರುತ್ತಿದ್ದದ್ದು ಆಚೆಮನೆಯ ಪೂವಮ್ಮನ ಕೋವಿ. ಗಂಡ ತೀರಿಕೊಂಡ ಮೇಲೆ ಪೂವಮ್ಮ ಪುತ್ತೂರಿನ ಕಚೇರಿಗೆ ಆರು ಸಲ ಬಸ್ಸು ಹತ್ತಿ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಳು. ಕೋವಿಯ ಪಾಲು ಅವಳಿಗೆ, ಹೊತ್ತವನ ಪಾಲು ಕುಶಾಲಪ್ಪನಿಗೆ, ಇಬ್ಬರಿಗೂ ಸುಖವಾಗಿತ್ತು. ಈಗ ಮಂಡಿ ಹೀಗಾದ್ದರಿಂದ ಕೋವಿಯನ್ನು ಬೇರೆ ಯಾರ ಕೈಯಲ್ಲಾದರೂ ಕಳುಹಿಸು ಎಂದು ಅವನು ಹೇಳಿ ಕಳುಹಿಸಿದ್ದ.

ಪೂವಮ್ಮ ಕೋವಿಯನ್ನು ತಾನೇ ಹೊತ್ತುಕೊಂಡು ಬಂದಳು. ಸೀರೆಯನ್ನು ಎತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿ, ಗುಡ್ಡೆಯ ಬುಡದಲ್ಲಿ ನಿಂತಿದ್ದ ಗಂಡಸರ ನಡುವೆ ಬಂದು ನಿಂತಾಗ ಎಲೆ ಅಡಿಕೆ ಜಗಿಯುತ್ತಿದ್ದ ಬಾಯಿಗಳು ಹಾಗೇ ನಿಂತುಬಿಟ್ಟವು.

"ಎಂತ ಪೂವಮ್ಮ ಇದು?" ಎಂದ ಬೇಟೆಯ ಯಜಮಾನ ದುಗ್ಗಪ್ಪ.

"ಲೈಸೆನ್ಸು ನನ್ನ ಹೆಸರಲ್ಲಿ ಉಂಟು ದುಗ್ಗಪ್ಪ ಭಾವ. ಬೇರೆಯವರ ಕೈಗೆ ಕೊಡಬಾರದು ಅಂತ ಕಚೇರಿಯಲ್ಲಿ ಹೇಳಿದ್ದಾರೆ. ಇಷ್ಟು ವರ್ಷ ಕುಶಾಲಣ್ಣನಿಗೆ ಕೊಟ್ಟದ್ದೇ ತಪ್ಪು. ಅವರು ಹೇಗೂ ಏನೂ ಹೊಡೀಲಿಲ್ಲ, ಅದಕ್ಕೆ ಯಾರಿಗೂ ಗೊತ್ತಾಗಲಿಲ್ಲ."

ಗಂಡಸರು ನಕ್ಕರು. ಕುಶಾಲಪ್ಪನೂ ನಕ್ಕ. ಹತ್ತು ವರ್ಷದಲ್ಲಿ ಅವನು ಹೊಡೆದದ್ದು ಒಂದು ಕಾಡುಕೋಳಿ. ಅದೂ ಚೀಲದಿಂದ ಎದ್ದು ಹಾರಿಹೋಗಿತ್ತು.

ದುಗ್ಗಪ್ಪ ಯೋಚಿಸಿದ. ವಾದ ಮಾಡುತ್ತಾ ನಿಂತರೆ ಬಿಸಿಲೇರುತ್ತದೆ. ಮೇಲಿನ ಕಲ್ಲುಸಂದಿಯಲ್ಲಿ ಕುಶಾಲಪ್ಪ ನಿಲ್ಲುತ್ತಿದ್ದ ಜಾಗ ಹೇಗೂ ಖಾಲಿ. ಹಂದಿ ಅತ್ತ ತಲೆ ಹಾಕಿದ್ದನ್ನು ಯಾರೂ ಕಂಡವರಿಲ್ಲ. "ಆಯ್ತು, ಅಲ್ಲಿ ಹೋಗಿ ನಿಲ್ಲು" ಎಂದುಬಿಟ್ಟ.

ಎಲ್ಲರೂ ಗುಡ್ಡೆ ಹತ್ತಿದರು. ಕುಶಾಲಪ್ಪ ನೇರಳೆ ಮರದ ಬುಡದಲ್ಲಿ ಬಾಳೆಎಲೆ ಕುಯ್ದು ರಾಶಿ ಹಾಕಿ, ಕಡಿಯುವ ಮರದ ತುಂಡನ್ನು ತೊಳೆದು ಇಟ್ಟುಕೊಂಡು ಕೂತ. ಮೇಲಿನಿಂದ ಕೂಗು, ಡಬ್ಬ ಬಡಿಯುವ ಸದ್ದು, ನಾಯಿಗಳ ಗಲಾಟೆ. ಹತ್ತು ಗಂಟೆಯ ಹೊತ್ತಿಗೆ ಒಂದು ಗುಂಡು. ಒಂದೇ. ಅದೂ ಕಲ್ಲುಸಂದಿಯ ಕಡೆಯಿಂದ.

ಕುಶಾಲಪ್ಪನಿಗೆ ಖುಷಿ ಆಯಿತು. ಖುಷಿಯ ಹಿಂದೆಯೇ ಸ್ವಲ್ಪ ಬೇರೆ ಏನೋ ಆಯಿತು. ಹತ್ತು ವರ್ಷ ಬಾರದ ಹಂದಿ ಇವತ್ತೇ ಬರಬೇಕಿತ್ತೇ!

ಹಂದಿಯನ್ನು ಕಂಬಕ್ಕೆ ಕಟ್ಟಿ ಹೊತ್ತು ತರುವಾಗಲೇ ಜಗಳವೂ ಇಳಿದು ಬಂತು. ಅಷ್ಟರಲ್ಲಿ ದುಗ್ಗಪ್ಪನ ತಾಯಿ ದೇವಮ್ಮ ಮತ್ತು ಸೇವಂತಿ ಬೇಟೆಯವರಿಗೆ ಗಂಜಿಯ ಹಂಡೆ ಹೊತ್ತು ತಂದು ಮರದ ಬುಡದಲ್ಲಿ ಇಳಿಸಿದ್ದರು.

"ತಲೆ, ಹಿಂಗಾಲು, ಕೋವಿಯ ಪಾಲು. ಈ ಮೂರು ಪೂವಮ್ಮನ ಮನೆಗೆ ಹೋಗಲಿ. ಅದಕ್ಕೆ ನನ್ನ ತಕರಾರಿಲ್ಲ," ಎಂದ ದುಗ್ಗಪ್ಪ. "ಆದರೆ ಆಳಿನ ಪಾಲು ಅಂತ ಹೆಂಗಸಿಗೆ ಕೊಟ್ಟ ಕ್ರಮ ನಮ್ಮಲ್ಲಿ ಇಲ್ಲ."

"ಕೋವಿಗೆ ಪಾಲು ಉಂಟು, ಕೋವಿ ಹಿಡಿದವಳಿಗೆ ಇಲ್ವಾ?" ಎಂದಳು ಪೂವಮ್ಮ.

"ಕೋವಿಗೆ ಗಂಡು ಹೆಣ್ಣು ಅಂತ ಇಲ್ಲ."

"ನಾಯಿಗೆ ಉಂಟಲ್ಲ? ಡೊಂಬಯ್ಯನ ಬೊಳ್ಳಿ ಹೆಣ್ಣಲ್ವಾ? ಮೂರು ಸಲ ಮರಿ ಹಾಕಿದೆ. ಅದು ಪ್ರತಿವರ್ಷ ಪಾಲು ತಿನ್ನುದು ಯಾವ ಕ್ರಮದಲ್ಲಿ?"

ಎಲ್ಲರೂ ಬೊಳ್ಳಿಯ ಕಡೆ ತಿರುಗಿದರು. ಬೊಳ್ಳಿ ತನ್ನ ಬಗ್ಗೆ ಒಳ್ಳೆಯದೇ ಮಾತಾಡುತ್ತಿರಬಹುದೆಂದು ಬಾಲ ಆಡಿಸಿತು.

ದುಗ್ಗಪ್ಪ ಹಿಂದೆ ಸರಿಯುವ ಆಸಾಮಿಯಲ್ಲ. "ಹಾಗಾದ್ರೆ ಬೊಳ್ಳಿಯ ಪಾಲನ್ನೂ ತೆಗೆಯುವ! ಕ್ರಮ ಅಂದ್ರೆ ಕ್ರಮ."

ಅಲ್ಲಿಯವರೆಗೆ ದುಗ್ಗಪ್ಪನ ಪ್ರತಿ ಮಾತಿಗೂ ತಲೆ ಅಲ್ಲಾಡಿಸುತ್ತಿದ್ದ ಡೊಂಬಯ್ಯ ಮುಳ್ಳು ತುಳಿದವನಂತೆ ಹಾರಿದ. "ಇದು ಎಂತ ಅನ್ಯಾಯ ಗೌಡ್ರೆ! ಹಂದಿಯನ್ನು ಅಡ್ಡ ಹಾಕಿ ಕಲ್ಲುಸಂದಿಗೆ ತಿರುಗಿಸಿದ್ದು ಯಾರು? ಬೊಳ್ಳಿ! ನಿಮ್ಮ ಗಂಡು ನಾಯಿ ಎಲ್ಲಿತ್ತು? ಗಂಜಿಯ ವಾಸನೆ ಹಿಡಿದು ಅರ್ಧ ದಾರಿಯಲ್ಲೇ ಕೆಳಗೆ ಬಂದಿತ್ತು! ಕೆಲಸ ಮಾಡಿದವರಿಗೆ ಪಾಲು. ಗಂಡೆಂತ, ಹೆಣ್ಣೆಂತ? ಪೂವಮ್ಮಕ್ಕ ಹೇಳುದು ಸರಿ!"

ಹೀಗೆ ಆ ಊರಿನಲ್ಲಿ ಹೆಂಗಸರ ಹಕ್ಕಿಗೆ ನಿಂತ ಮೊದಲ ಗಂಡಸು ಡೊಂಬಯ್ಯ ಆದ.

ಕುಶಾಲಪ್ಪ ತಲೆ ವಾಲಿಸಿ, "ಅದರಲ್ಲೂ ಒಂದು ಮಾತು ಉಂಟು" ಎಂದ.

"ನಿನಗೆ ಎಲ್ಲದರಲ್ಲೂ ಒಂದು ಮಾತು ಉಂಟು," ಎಂದ ದುಗ್ಗಪ್ಪ. "ನಮ್ಮ ಅವ್ವನನ್ನೇ ಕೇಳುವ. ಅವರೂ ಹೆಂಗಸೇ ಅಲ್ವಾ? ಅವ್ವ, ನೀನು ಹೇಳು."

ದೇವಮ್ಮ ಸೌಟು ಕೆಳಗಿಟ್ಟಳು. ಎಪ್ಪತ್ತು ದಾಟಿದ ಹೆಂಗಸು, ಮಾತು ಮಾತ್ರ ಇಪ್ಪತ್ತರದ್ದು. "ಪೂವಮ್ಮ, ನೀನು ಹೊಡೆದದ್ದು ನನಗೆ ಸಂತೋಷವೇ. ಆದರೆ ಪಾಲು ಕೇಳಬೇಡ. ಕೊಟ್ಟಾರು ಇವರು! ಇವತ್ತು ಪಾಲು ಕೊಡ್ತಾರೆ, ಬರುವ ವರ್ಷ 'ಪಾಲು ಬೇಕಾದ್ರೆ ಗುಡ್ಡೆ ಹತ್ತಿ' ಅಂತಾರೆ. ಹತ್ತಿ ಇಳಿದು ಬಂದ ಮೇಲೆ ಈ ಗಂಜಿ ಯಾರು ಮಾಡುದು? ಇವರಾ? ಬೆಳಿಗ್ಗೆ ಡಬ್ಬ ಬಡಿಯುದೂ ನಾವೇ, ಮಧ್ಯಾಹ್ನ ಹಂಡೆ ತೊಳೆಯುದೂ ನಾವೇ ಆಗ್ತದೆ. ನನಗೆ ಬೇಡಪ್ಪ ಅಂಥ ಸಮಾನತೆ."

"ಅತ್ತೆ, ನೀವು ಹೇಳುದು ಸುಳ್ಳಲ್ಲ," ಎಂದಳು ಪೂವಮ್ಮ. "ಆದರೆ ನನಗೆ ಆ ಎರಡೂ ಈಗಲೇ ಉಂಟಲ್ಲ. ಮನೆಯಲ್ಲಿ ಗಂಡಸಿಲ್ಲ. ರಾತ್ರಿ ಹಂದಿ ಬಂದರೆ ಓಡಿಸುದು ನಾನೇ, ಬೆಳಿಗ್ಗೆ ಗಂಜಿ ಮಾಡುದೂ ನಾನೇ. ಕೆಲಸ ಎರಡು ಪಾಲು ಇರುವಾಗ ಮಾಂಸ ಒಂದು ಪಾಲಾದರೂ ಬೇಡ್ವಾ?"

ದೇವಮ್ಮ ಕೆಳಗಿಟ್ಟ ಸೌಟನ್ನು ಮತ್ತೆ ಕೈಗೆತ್ತಿಕೊಂಡಳು. "ಅದು ಹೌದು," ಎಂದಳು. "ಅದನ್ನು ನಾನು ಯೋಚಿಸಿರಲಿಲ್ಲ."

"ನಾನು ಒಂದು ಕೇಳ್ತೇನೆ," ಎಂದು ಸೇವಂತಿ ಮುಂದೆ ಬಂದಳು. ಕುಶಾಲಪ್ಪ ಮಸೆದ ಕತ್ತಿಯನ್ನೇ ಇನ್ನೊಮ್ಮೆ ಮಸೆಯತೊಡಗಿದ. "ಗುಡ್ಡೆ ಹತ್ತಿದರೆ ಮಾತ್ರ ಕೆಲಸವಾ? ನಾನು ನಾಲ್ಕು ಗಂಟೆಗೆ ಎದ್ದಿದ್ದೇನೆ. ದೇವಮ್ಮತ್ತೆ ಈ ಪ್ರಾಯದಲ್ಲಿ ಹಂಡೆ ಹೊತ್ತಿದ್ದಾರೆ. ಗಂಜಿ ಇಲ್ಲದಿದ್ರೆ ನಿಮ್ಮಲ್ಲಿ ಎಷ್ಟು ಜನ ಗುಡ್ಡೆ ಹತ್ತುತ್ತಿದ್ರಿ? ಕೊಡುದಾದ್ರೆ ಗಂಜಿ ಮಾಡಿದವರಿಗೂ ಕೊಡಿ."

ದುಗ್ಗಪ್ಪ ಎರಡೂ ಕೈ ಎತ್ತಿದ. "ನೋಡಿ, ಮೂರು ಹೆಂಗಸರು, ಮೂರು ಮಾತು! ಮೊದಲು ಇವರೊಳಗೆ ಒಂದು ತೀರ್ಮಾನ ಆಗಲಿ, ಮತ್ತೆ ನಮ್ಮ ಹತ್ರ ಬರಲಿ."

"ಗಂಡಸರು ಹದಿನೇಳು ಮಂದಿ ಇದ್ದೀರಿ. ಒಂದೇ ಮಾತಿಗೆ ಬಂದದ್ದು ಯಾವಾಗ ಭಾವ?" ಎಂದಳು ಪೂವಮ್ಮ. "ಹಂದಿ ಯಾವ ಕಡೆ ಓಡ್ತದೆ ಅಂತಲೇ ಬೆಳಿಗ್ಗೆ ಅರ್ಧ ಗಂಟೆ ಜಗಳ ಮಾಡಿದ್ರಿ."

ಆಗ ದಾರಿಯಲ್ಲಿ ಸೈಕಲ್ಲಿನ ಗಂಟೆ ಕೇಳಿತು. ಒಣಮೀನಿನ ಕುಕ್ಕೆ ಕಟ್ಟಿಕೊಂಡು ಅಲಿ ಕುಂಞಿ ಬರುತ್ತಿದ್ದ. ವಾರಕ್ಕೊಮ್ಮೆ ಬರುವ ವ್ಯಾಪಾರಿ. ಊರಿನ ಎಲ್ಲ ಮನೆಯ ಅಡುಗೆಯೂ ಅವನಿಗೆ ಗೊತ್ತು. ಡೊಂಬಯ್ಯನಿಗೆ ಒಂದು ಉಪಾಯ ಹೊಳೆಯಿತು. ಈ ಹಂದಿಯಲ್ಲಿ ಎಳ್ಳಷ್ಟೂ ಆಸೆ ಇಲ್ಲದ ಮನುಷ್ಯ ಎಂದರೆ ಇವನೊಬ್ಬನೇ. ನ್ಯಾಯ ಹೇಳಲು ಇದಕ್ಕಿಂತ ಯೋಗ್ಯ ಬೇರೆ ಯಾರು?

ಅಲಿ ಕುಂಞಿ ಸೈಕಲ್ಲನ್ನು ಗಾಳಿ ಬೀಸುವ ಕಡೆ ನಿಲ್ಲಿಸಿ, ಹಂದಿಯ ಕಡೆ ನೋಡದೆ, ವಿಷಯ ಪೂರ್ತಿ ಕೇಳಿದ.

"ನನಗೆ ಇದರಲ್ಲಿ ಪಾಲೂ ಬೇಡ, ಮಾತೂ ಬೇಡ ಮಾರಾಯ್ರೆ," ಎಂದ. "ನಮ್ಮ ಮನೆಯಲ್ಲಿ ಮೀನು ಹೆಕ್ಕುದು ಐಸಮ್ಮ, ಬಿಸಿಲಿಗೆ ಹರಗುದು ಐಸಮ್ಮ, ತೂಗಿ ಕಟ್ಟುದು ಐಸಮ್ಮ. ಸೈಕಲ್ ತುಳಿಯುದು ಮಾತ್ರ ನಾನು. ಊರಿಡೀ ಹೇಳುದು 'ಅಲಿ ಕುಂಞಿಯ ಮೀನು' ಅಂತ. ಅವಳು ಇದನ್ನು ಇಷ್ಟರವರೆಗೆ ಕೇಳಲಿಲ್ಲ. ನೀವು ದೊಡ್ಡ ಸ್ವರದಲ್ಲಿ ಮಾತಾಡಿ ಅವಳಿಗೆ ಕೇಳಿಸಬೇಡಿ." ಇಷ್ಟು ಹೇಳಿ ಸೈಕಲ್ ಹತ್ತಿದ. ಇಳಿಜಾರಿನಲ್ಲಿ ಅಷ್ಟು ಜೋರಾಗಿ ತುಳಿದದ್ದನ್ನು ಯಾರೂ ಕಂಡಿರಲಿಲ್ಲ.

ಬಿಸಿಲು ನೆತ್ತಿಗೆ ಬಂದಿತ್ತು. ಹಂದಿಯ ಮೇಲೆ ನೊಣ ಕೂರಲು ಶುರುವಾಗಿತ್ತು. ಮೂರು ಗಂಟೆಯ ಬಸ್ಸು ಪುತ್ತೂರು ಬಿಡುವ ಹೊತ್ತು ಹತ್ತಿರ ಬರುತ್ತಿತ್ತು. ಕುಶಾಲಪ್ಪ ತಲೆಯನ್ನು ಎರಡೂ ಬದಿಗೆ ವಾಲಿಸಿ ನೋಡಿದ. ಆಮೇಲೆ ಜೀವನದಲ್ಲಿ ಮೊದಲ ಸಲ ಅದನ್ನು ನೆಟ್ಟಗೆ ನಿಲ್ಲಿಸಿದ.

"ಎಲ್ಲರ ಮಾತೂ ಕೇಳಿದೆ. ದುಗ್ಗಪ್ಪನ ಹೆದರಿಕೆ ಎಂತದ್ದು? ಕ್ರಮ ಬಿಟ್ಟರೆ ಪಾಲು ಸಣ್ಣ ಆಗ್ತದೆ ಅಂತ. ಅಲ್ವಾ?"

"ಕ್ರಮವೇ ಮುಖ್ಯ..." ಎಂದ ದುಗ್ಗಪ್ಪ. ಸ್ವಲ್ಪ ತಡೆದು, "ಸಣ್ಣ ಆಗುದೂ ಹೌದು" ಎಂದ.

"ಹಾಗಾದ್ರೆ ಲೆಕ್ಕ ಮಾಡಿ. ಪ್ರತಿವರ್ಷ ಆಳು ಎಷ್ಟು? ಹದಿನೆಂಟು. ಈ ವರ್ಷ ಮೇಲೆ ಹೋದವರು ಎಷ್ಟು?"

ದುಗ್ಗಪ್ಪ ಬೆರಳು ಮಡಚಿದ. ಗಂಡಸರು ಹದಿನೇಳು. ಪೂವಮ್ಮ ಸೇರಿ ಹದಿನೆಂಟು.

"ಹದಿನೆಂಟು!" ಎಂದ ಕುಶಾಲಪ್ಪ, ಗೆದ್ದವನ ಸ್ವರದಲ್ಲಿ. "ಆರು ಕೋವಿ, ನಾಲ್ಕು ನಾಯಿ, ಒಟ್ಟು ಇಪ್ಪತ್ತೆಂಟು ಎಲೆ. ಪ್ರತಿವರ್ಷದ್ದೇ! ಪೂವಮ್ಮನಿಗೆ ಕೊಟ್ಟದ್ದರಿಂದ ನಿಮ್ಮ ಯಾರ ಎಲೆಯಿಂದಲೂ ಒಂದು ಚೂರು ಕಡಿಮೆ ಆಗುದಿಲ್ಲ. ಹೌದಾ ಅಲ್ವಾ?"

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಕಡಿಮೆ ಆಗುವುದಿಲ್ಲ ಎಂದಾದ ಮೇಲೆ ಅವರಿಗೆ ಪೂವಮ್ಮನ ಹಕ್ಕು ಬಹಳ ನ್ಯಾಯವಾಗಿ ಕಂಡಿತು. ಹೆಂಗಸರಿಗೆ ಸರಕಾರ ವೋಟೇ ಕೊಟ್ಟಿದೆಯಲ್ಲ, ಹಂದಿ ಯಾವ ದೊಡ್ಡದು ಎಂದ ಒಬ್ಬ.

"ಹಾಗಾದ್ರೆ ಇದು ಕ್ರಮ," ಎಂದ ಕುಶಾಲಪ್ಪ. "ಗುಡ್ಡೆ ಹತ್ತಿದವರಿಗೆ ಪಾಲು. ಗಂಡಾ ಹೆಣ್ಣಾ, ಎರಡು ಕಾಲಾ ನಾಲ್ಕು ಕಾಲಾ, ನೋಡುದು ಬೇಡ. ಗುಡ್ಡೆ ಹತ್ತದವರಿಗೆ ಪಾಲಿಲ್ಲ, ಯಾರೇ ಆಗಲಿ."

"ಕೆಳಗೆ ಕೂತು ಕೆಲಸ ಮಾಡಿದವರಿಗೆ?" ಎಂದಳು ಸೇವಂತಿ.

"ಅದರಲ್ಲೂ ಒಂದು ಮಾತು ಉಂಟು. ಆದರೆ ಕೂತು ಮಾಡುವ ಕೆಲಸಕ್ಕೆಲ್ಲ ಪಾಲು ಅಂತ ಹೊರಟರೆ ಇನ್ನೊಂದು ಹಂದಿ ಬೇಕಾಗ್ತದೆ ಮಾರಾಯ್ತಿ."

ಗಂಡಸರು ಜೋರಾಗಿ ನಕ್ಕರು. ಸೇವಂತಿ ನಗಲಿಲ್ಲ. "ಆಯ್ತು. ನೀವು ಹೇಳಿದ್ದನ್ನು ನೀವು ಮರೆಯಬೇಡಿ" ಎಂದಷ್ಟೇ ಹೇಳಿದಳು.

ದುಗ್ಗಪ್ಪ ಕುಶಾಲಪ್ಪನ ಬೆನ್ನು ತಟ್ಟಿದ. "ನಿನ್ನ ಅಪ್ಪನೂ ಹೀಗೆ ತೀರ್ಮಾನ ಮಾಡಿದವರಲ್ಲ."

ಕುಶಾಲಪ್ಪ ಅಂದು ಕತ್ತಿ ಹಿಡಿದ ಚಂದವೇ ಬೇರೆ. ಹಾಡು ಗುನುಗುತ್ತಾ ಕಡಿದ. ಇಪ್ಪತ್ತೆಂಟು ಎಲೆ ಸಾಲಾಗಿ ಹಾಸಿ, ಕೊಬ್ಬು, ಎಲುಬು, ಮಾಂಸ, ಈಲಿ ಎಲ್ಲವನ್ನೂ ಸಮ ಮಾಡಿ ಹಾಕಿದ. ಕೊನೆಯ ಸಾಲಿನ ಮೂಲೆಯ ಎಲೆಯಲ್ಲಿ ಒಂದು ಬೆರಳು ದಪ್ಪದ ಕೊಬ್ಬಿನ ತುಂಡು ತಾನಾಗಿಯೇ ಬಿದ್ದಿತ್ತು. ಯಾರೂ ಮೂಲೆಯದ್ದನ್ನು ಮೊದಲು ಎತ್ತುವುದಿಲ್ಲ. ಅದು ತನಗೇ ಉಳಿದೀತೆಂದು ಅವನು ಅದರ ಕಡೆ ನೋಡದ ಹಾಗೆ ನೋಡಿದ.

ದುಗ್ಗಪ್ಪ ಒಬ್ಬೊಬ್ಬರನ್ನೇ ಕರೆದ. ಕರೆದವರು ಬಂದು ಎಲೆ ಎತ್ತಿದರು. ಪೂವಮ್ಮನನ್ನು ಕರೆದಾಗ ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಆಳಿನ ಪಾಲು ಮುಗಿಯಿತು. ಕೋವಿಯ ಪಾಲು ಮುಗಿಯಿತು. ನಾಯಿಯ ಪಾಲಿಗೆ ಬಂತು. ಮೂರು ಎಲೆ ಹೋಯಿತು. ಮೂಲೆಯ ಎಲೆ ಒಂದೇ ಉಳಿಯಿತು. ಕುಶಾಲಪ್ಪ ಮಂಡಿ ಹಿಡಿದು ಮೆಲ್ಲಗೆ ಎದ್ದ.

"ಡೊಂಬಯ್ಯನ ಬೊಳ್ಳಿ!" ಎಂದ ದುಗ್ಗಪ್ಪ.

ಡೊಂಬಯ್ಯ ಬಂದು ಎಲೆ ಮಡಚಿ ಎತ್ತಿಕೊಂಡ. ಕೊಬ್ಬು ಬಿಸಿಲಿಗೆ ಒಮ್ಮೆ ಮಿನುಗಿತು. ಆಮೇಲೆ ನೆಲ ಮಾತ್ರ ಇತ್ತು.

"ಒಂದು ಕಡಿಮೆ ಬಿತ್ತಲ್ಲ ದುಗ್ಗಪ್ಪ," ಎಂದ ಕುಶಾಲಪ್ಪ.

"ಇಲ್ಲ ಮಾರಾಯ, ಸರಿ ಉಂಟು. ಹದಿನೆಂಟು, ಆರು, ನಾಲ್ಕು. ನೀನೇ ಹಾಕಿದ್ದಲ್ವಾ?"

"ಪ್ರತಿವರ್ಷ ಹದಿನೆಂಟಕ್ಕೇ ಸರಿ ಆಗ್ತಿತ್ತಲ್ಲ?"

"ಪ್ರತಿವರ್ಷ ನೀನು ಮೇಲೆ ಬರ್ತಿದ್ದೆ."

ಹದಿನೆಂಟನೆಯವನು ಯಾರು ಎಂಬುದು ಕುಶಾಲಪ್ಪನಿಗೆ ನಿಧಾನವಾಗಿ, ಮಂಡಿಯ ಊತ ಏರಿದ ಹಾಗೆ, ತಲೆಗೆ ಏರಿತು. ಪೂವಮ್ಮ ನಿಂತದ್ದು ಅವನ ಜಾಗದಲ್ಲಿ. ಎತ್ತಿದ್ದೂ ಅವನ ಪಾಲನ್ನೇ.

"ಅಲ್ಲ, ನಾನು ಬೆಳಿಗ್ಗೆಯಿಂದ ಇಲ್ಲಿ ಎಲೆ ಕುಯ್ದು, ಕತ್ತಿ ಮಸೆದು, ಇಷ್ಟು ದೊಡ್ಡ ಹಂದಿಯನ್ನು ಒಬ್ಬನೇ ಕೂತು..."

"ಕೂತು?" ಎಂದಳು ಸೇವಂತಿ.

ಕುಶಾಲಪ್ಪ ಮತ್ತೆ ಕೂತ.

"ಕೂತು ಮಾಡುವ ಕೆಲಸಕ್ಕೆ ಇನ್ನೊಂದು ಹಂದಿ ಬೇಕಾಗ್ತದೆ," ಎಂದಳು ದೇವಮ್ಮ, ಹಂಡೆಯ ಒಳಗೆ ಸೌಟು ಹಾಕುತ್ತಾ.

ಪೂವಮ್ಮನಿಗೆ ಪಾಪ ಅನಿಸಿತು. "ಕುಶಾಲಣ್ಣನಿಗೆ ಕೊಡುವ. ಅವರ ಕೆಲಸವೂ ಕೆಲಸವೇ. ಆದರೆ ಹಾಗೆ ಕೊಡುದಾದ್ರೆ ಗಂಜಿ ಮಾಡಿದವರಿಗೂ ಕೊಡಬೇಕು. ಎಲ್ಲರೂ ಎಲೆ ಬಿಚ್ಚಿ, ಸ್ವಲ್ಪ ಸ್ವಲ್ಪ ತೆಗೆದು ಕೊಡುವ. ಯಾರೆಲ್ಲ ಬಿಚ್ಚುತ್ತೀರಿ?"

ಯಾರೂ ಬಿಚ್ಚಲಿಲ್ಲ. ಒಬ್ಬಿಬ್ಬರು ಬಾಳೆನಾರಿನ ಗಂಟನ್ನು ಇನ್ನೊಂದು ಸುತ್ತು ಬಿಗಿದರು. ತಮ್ಮ ಹಸುವಿಗೆ ಹುಲ್ಲು ಹಾಕಿಲ್ಲವೆಂದು ಒಬ್ಬನಿಗೆ ನೆನಪಾಯಿತು. ಅದನ್ನು ಕೇಳಿ ಹಸು ಇಲ್ಲದವರಿಗೂ ನೆನಪಾಯಿತು. ಹೋಗುವಾಗ ಎಲ್ಲರೂ ಕುಶಾಲಪ್ಪನ ತೀರ್ಪನ್ನು ಹೊಗಳುತ್ತಲೇ ಹೋದರು.

ಪೂವಮ್ಮ ಹಿಂಗಾಲನ್ನು ಮರದ ತುಂಡಿನ ಮೇಲಿಟ್ಟು, ಕುಶಾಲಪ್ಪನ ಕತ್ತಿಯನ್ನೇ ತೆಗೆದು ನಡುವಿನಲ್ಲಿ ಕಡಿದಳು. ದೊಡ್ಡ ಅರ್ಧವನ್ನು ಎಲೆಯಲ್ಲಿ ಸುತ್ತಿ ಸೇವಂತಿಯ ಕೈಯಲ್ಲಿಟ್ಟಳು.

"ನಿಮ್ಮ ಗಂಜಿ ಕುಡಿದವರು ಹಂದಿ ಓಡಿಸಿದ್ದು. ಇದು ನಿಮ್ಮದು. ನಿಮ್ಮದು ಮಾತ್ರ," ಎಂದಳು.

ಕುಶಾಲಪ್ಪನಿಗೆ ಹೋದ ಜೀವ ಬಂತು. ಯಾರ ಕೈಗೆ ಕೊಟ್ಟರೇನು, ಒಲೆ ಒಂದೇ ಅಲ್ಲವೇ? ಕುಂಟುತ್ತಾ ಹೆಂಡತಿಯ ಹಿಂದೆ ಮನೆಗೆ ನಡೆದ. ದಾರಿಯಲ್ಲಿ ಸೇವಂತಿ, ಮನೆಮನೆ ಸುತ್ತಿ ಮರಳುತ್ತಿದ್ದ ಅಲಿ ಕುಂಞಿಯ ಸೈಕಲ್ಲನ್ನು ನಿಲ್ಲಿಸಿ ಒಂದು ಹಿಡಿ ಒಣಮೀನು ತೆಗೆದುಕೊಂಡಳು. ಯಾಕೆಂದು ಕೇಳುವ ಧೈರ್ಯ ಅವನಿಗೆ ಇರಲಿಲ್ಲ.

ನೆಂಟರು ಬಂದರು. ಹುಡುಗನ ಅಪ್ಪ ಚೆನ್ನಪ್ಪ ಅಂಗಳ ದಾಟುವ ಮೊದಲೇ ಮೂಗನ್ನು ಎತ್ತಿ, "ಆಹಾ!" ಎಂದ. ಸಂಜೆ ಎಲೆ ಹಾಕಿದರು. ಅಕ್ಕಿರೊಟ್ಟಿ ಬಂತು. ಸೇವಂತಿ ಹಂದಿಯ ಸಾರನ್ನು ಚೆನ್ನಪ್ಪನಿಗೆ ಬಡಿಸಿದಳು, ಅವನ ಹೆಂಡತಿಗೆ ಬಡಿಸಿದಳು, ಮಗಳು ಪಂಕಜಾಕ್ಷಿಗೆ ಬಡಿಸಿದಳು, ತನ್ನ ಎಲೆಗೂ ಹಾಕಿಕೊಂಡು ಎಲ್ಲರ ಜೊತೆಯಲ್ಲೇ ಕೂತಳು. ಕುಶಾಲಪ್ಪನ ಎಲೆಯಲ್ಲಿ ಒಣಮೀನಿನ ಚಟ್ನಿ ಇತ್ತು.

"ಎಂತ ಭಾವ, ನೀವು ಹಂದಿ ತಿನ್ನುದಿಲ್ವಾ?" ಎಂದ ಚೆನ್ನಪ್ಪ.

"ಅವರದ್ದು ಒಂದು ಕ್ರಮ ಉಂಟು," ಎಂದಳು ಸೇವಂತಿ. "ಇವತ್ತೇ ಶುರು ಮಾಡಿದ್ದು."

ಕುಶಾಲಪ್ಪ ಅವಳ ಮುಖ ನೋಡಿದ. ಅದರಲ್ಲೂ ಒಂದು ಮಾತು ಇತ್ತು.

ಚೆನ್ನಪ್ಪ ಎಲುಬಿನ ತುದಿಯನ್ನು ಚೀಪಿ ಬದಿಗಿಟ್ಟ. "ಬಸ್ಸಿನಿಂದ ಇಳಿಯುವಾಗ ದುಗ್ಗಪ್ಪ ಸಿಕ್ಕಿದ್ರು. ನಿಮ್ಮ ತೀರ್ಮಾನದ ಸುದ್ದಿಯೇ ಸುದ್ದಿ ಮಾರಾಯ್ರೆ! ಹೆಂಗಸರಿಗೂ ಒಪ್ಪಿಗೆ, ಗಂಡಸರಿಗೂ ಒಪ್ಪಿಗೆ ಆಯ್ತಂತೆ. ಬರುವ ಆದಿತ್ಯವಾರ ನಮ್ಮಲ್ಲಿ ಬೇಟೆ ಉಂಟು. ನಮ್ಮ ಹೆಂಗಸರೂ ಈಗ ಇದೇ ಮಾತು ತೆಗೆದಿದ್ದಾರೆ. ನೀವೇ ಬಂದು ಪಾಲು ಹಾಕಬೇಕು. ಅದೇ ಕ್ರಮದಲ್ಲಿ. ಇಲ್ಲ ಅನ್ನಬಾರದು, ನಾನು ದುಗ್ಗಪ್ಪರ ಹತ್ರ ಹೇಳಿ ಆಯ್ತು."

ಕುಶಾಲಪ್ಪ ಒಣಮೀನಿನ ಮುಳ್ಳೊಂದನ್ನು ಹಲ್ಲಿನ ಸಂದಿನಿಂದ ತೆಗೆದ. ಮಂಡಿಯನ್ನು ಒಮ್ಮೆ ಮಡಚಿ ನೋಡಿದ, ಒಮ್ಮೆ ನೀಡಿ ನೋಡಿದ.

"ಬರಬಹುದು," ಎಂದ. "ಆದರೆ ಒಂದು ಹೇಳಿ ಭಾವ. ನಿಮ್ಮ ಗುಡ್ಡೆ ಎಷ್ಟು ಎತ್ತರ ಉಂಟು?"